ನೀರು ಉಬ್ಬುತ್ತದಂತೆ, ನಂಬಬೇಕಂತೆ!

ನಮ್ಮ ಮನೆಯವರು ಬೆಳಗಾಯಿತೆಂದು ನಮ್ಮ ಕೋಳಿ ಕೂಗಿದರೆ ನಂಬುವುದಿಲ್ಲ. ಪಕ್ಕದ ಮನೆಯ ಕೋಳಿಯೂ ಕೂಗಿದ ಮೇಲೇ ಏಳುತ್ತಾರೆ! ತೆಂಗಿನಕಾಯಿಯಿರಲಿ, ಗ್ಯಾಸ್ ಸಿಲಿಂಡರೇ ಇರಲಿ, ಏನೇ ಬಂದರೂ ಮೊದಲು ಅವರ ಕಿವಿಯ ಹತ್ತಿರ ಅಲುಗಾಡಿಸಿಕೊಂಡೇ ಒಳಗೆ ಬರಬೇಕು. "ಅಜ್ಜಾ, ಬಂಗಡೆಗೂ ಕಿವಿ ಕೊಟ್ಟು ನೋಡಿ, ಸಮುದ್ರ ಕೇಳ್ತದೆ" ಎಂದು ಮೀನಿನವಳು ಅಂಗಳದಲ್ಲೇ ನಗುತ್ತಾಳೆ.

ಇಂಥವರ ಮನೆಗೆ ಗೀಸರ್ ಬರಬೇಕಾಯಿತು. ಯಾಕೆ ಗೊತ್ತೇ? ನಾನು ಅಜ್ಜಿಯಾದೆ! ಕಾರವಾರದ ಆಸ್ಪತ್ರೆಯಲ್ಲಿ ಹೆತ್ತ ಮಗಳು ಶುಕ್ರವಾರ ಕೂಸಿನೊಂದಿಗೆ ಅವರ್ಸಾದ ನಮ್ಮ ಮನೆಗೆ ಬಾಣಂತನಕ್ಕೆ ಬರುವವಳಿದ್ದಳು. ಬಚ್ಚಲ ಒಲೆಯ ಹೊಗೆ ಆ ಪುಟ್ಟ ಕಣ್ಣಿಗೆ ತಾಗಬಾರದೆಂದು ನಾನೇ ಹಟ ಹಿಡಿದೆ.

ಕದ್ವಾಡದ ಪ್ಲಂಬರ್ ಗೀಸರಿನ ಜೊತೆ ಒಂದು ಕೆಂಪು ಟ್ಯಾಂಕನ್ನೂ ತಂದ.

"ಅಜ್ಜಾ, ನಿಮ್ಮ ಪೈಪಿಗೆ ನೀರು ಹಿಂದೆ ಹೋಗದ ಹಾಗೆ ವಾಲ್ವ್ ಅದೆ. ಕಾದ ನೀರು ಉಬ್ತದೆ. ಉಬ್ಬಿದ್ದು ಎಲ್ಲಿಗೆ ಹೋಗ್ಬೇಕು? ಈ ಎಂಟು ಲೀಟರಿನ ಟ್ಯಾಂಕಿಗೆ."

"ಉಬ್ಬೂಕೆ ಅದೆಂತ ಇಡ್ಲಿ ಹಿಟ್ಟಾ, ತಮಾ?"

ಟ್ಯಾಂಕು ಕಿವಿಗೆ ಹೋಯಿತು. ಅಲುಗಾಡಿಸಿದರೆ ಶಬ್ದವಿಲ್ಲ. ಬಡಿದರೆ ಟೊಳ್ಳು! ಒಂದು ಬದಿಗೆ ಸೈಕಲ್ ಟ್ಯೂಬಿನಂಥ ವಾಲ್ವ್ ಕಂಡಿತು. ಪ್ಲಂಬರ್ ಚಹಾ ಕುಡಿಯುವಷ್ಟರಲ್ಲಿ ಇವರು ಅದನ್ನು ಉಗುರಿನಿಂದ ಒತ್ತಿಯೇಬಿಟ್ಟರು. ಸುಸ್ಸ್!

"ನೋಡೇ! ನಮಗೆ ಗಾಳಿ ಮಾರೂಕೆ ಬಂದಾನೆ!"

"ಅಯ್ಯೋ ಅಜ್ಜಾ, ಆ ಗಾಳಿಯೇ ಬೇಕಾದ್ದು! ಒಳಗೆ ರಬ್ಬರ್ ಪೊರೆ ಅದೆ. ಉಬ್ಬಿದ ನೀರು ಬಂದ್ರೆ ಗಾಳಿ ಸರಿದು ಜಾಗ ಕೊಡ್ತದೆ. ಈಗ ತೆಗೆದವರೇ ತುಂಬ್ಸಿ!"

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೇ ತಿಳಿಯಿತು. ಸೈಕಲ್ ಪಂಪಿನಿಂದ ಗಾಳಿ ಹೊಡೆದು ಹೊಡೆದು ಏದುಸಿರು ಬಿಟ್ಟ ಇವರಿಗೆ ತಿಳಿಯಲಿಲ್ಲ!

ಮರುದಿನ, ನೀರು ಉಬ್ಬುವುದು ನಿಜವೇ ಎಂದು ಪರೀಕ್ಷೆ. ಗೀಸರ್ ಹಿಡಿಸುವುದು ಐವತ್ತು ಲೀಟರ್, ನಮ್ಮ ತಾಮ್ರದ ಹಂಡೆಯೂ ಅಷ್ಟೇ. ಬಾಯಿತನಕ ತುಂಬಿಸಿ ಬೆಂಕಿ ಹಾಕಿದರು. ಕಾದ ನೀರು ಅಂಚು ದಾಟಿ ಒಲೆಗೇ ಇಳಿಯಿತು.

"ಮೇಲಿಂದ ನೀರು ಹೊಯ್ದವರು ಯಾರು?" ನನ್ನ ಮೇಲೆಯೇ ಗುಮಾನಿ!

ಎರಡನೇ ಸಲ ಸೌಟು ಹಿಡಿದು ಹಂಡೆಯ ಪಕ್ಕದಲ್ಲೇ ಕಾವಲು ಕುಳಿತರು. ಏರಿದ ನೀರನ್ನೆಲ್ಲ ತೋಡಿ ತೋಡಿ ಚೊಂಬಿಗೆ ಹಾಕಿದರು. ಸರಿಯಾಗಿ ಒಂದು ಚೊಂಬು, ಅಂದರೆ ಒಂದು ಲೀಟರು. ತಕ್ಷಣ ಪ್ಲಂಬರಿಗೆ ಫೋನ್!

"ಉಬ್ಬಿದ್ದು ಒಂದೇ ಲೀಟರು. ಎಂಟರ ಟ್ಯಾಂಕು ಎಂತಕ್ಕೆ? ಉಳಿದ ಏಳು ಯಾರಿಗೆ?"

"ಗಾಳಿಗೆ, ಅಜ್ಜಾ! ಅಂಕೋಲೆ ಬಸ್ಸು ಪೂರಾ ತುಂಬಿದ್ರೆ ಇನ್ನೊಬ್ಬ ಹತ್ತೂಕೆ ಆಗ್ತದಾ? ಸರಿದು ಕೂರೂಕೆ ಜಾಗ ಬೇಕು. ಸಣ್ಣ ಟ್ಯಾಂಕು ಇಟ್ರೆ ಬಿಗಿದು ಬಿಗಿದು ಒಂದಿನ ಪೈಪು ಒಡೀತದೆ."

ಇವರ ಮುಖ ಬಿಳಿಚಿತು. "ಒಡೀತದಾ? ಅದು ಕೂಸು ಮೀಯೋ ಜಾಗ ಮಾರಾಯಾ! ಹನ್ನೆರಡು ಲೀಟರಿನದು ತಾ!"

ಬೇಡವೆಂದರೂ ಕೇಳಲಿಲ್ಲ. ಗುರುವಾರ ಹನ್ನೆರಡರದ್ದೇ ಬಂತು. ಶುಕ್ರವಾರ ಬೆಳಗಿನಿಂದ ಇವರೇ ನಾಲ್ಕು ಸಲ ಮಿಂದರು. ಏನೂ ಒಡೆಯಲಿಲ್ಲ, ಅವರ ಮೈ ಮಾತ್ರ ಹಸಿ ಬಂಗಡೆಯಂತೆ ಹೊಳೆಯುತ್ತಿತ್ತು!

ಸಂಜೆಗೆ ಮುಂಚೆ ಕೂಸು ಬಂತು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿದೆ. ಹೊಗೆಯಿಲ್ಲ, ಅಳುವಿಲ್ಲ! ಬಟ್ಟೆ ಸುತ್ತಿ ಅಜ್ಜನ ಕೈಗಿಟ್ಟೆ. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಅಲುಗಾಡಿಸಲಿಲ್ಲ, ಪುಣ್ಯ! ಬಗ್ಗಿ ಕೂಸಿನ ಎದೆಗೆ ಕಿವಿ ಕೊಟ್ಟರು. ಬಟ್ಟೆಯೊಳಗಿಂದ ಒಂದು ಪುಟ್ಟ ಮುಷ್ಟಿ ಹೊರಬಂದು ಆ ಕಿವಿಯನ್ನೇ ಹಿಡಿದುಕೊಂಡಿತು.

ಒಂದು ನಿಮಿಷ. ಐದು ನಿಮಿಷ. ಇವರು ಬಗ್ಗಿದಲ್ಲೇ ಬಗ್ಗಿದ್ದಾರೆ.

"ಸೊಂಟ ಹಿಡೀತದೆ. ಬಿಡಿಸ್ಲಾ?" ಎಂದೆ.

"ಸುಮ್ನಿರೇ" ಎಂದು ಪಿಸುಗುಟ್ಟಿದರು. "ಅದು ನನ್ನ ಪರೀಕ್ಷೆ ಮಾಡ್ತಾ ಅದೆ. ಮುಗೀಲಿ."