ನಿಯಮ ಸರಿಯಾಗಿಯೇ ಇದೆ, ನಮ್ಮ ಅಕ್ಕನನ್ನು ಮಾತ್ರ ಬಿಡಿ

ಈ ಕ್ಷೇತ್ರದ ಸಕಲ ಬೀದಿಗಳನ್ನೂ ಪ್ರತಿನಿಧಿಸುತ್ತಿರುವ ಸನ್ಮಾನ್ಯ ಶಾಸನಸಭಾ ಸದಸ್ಯರ ಸನ್ನಿಧಾನಕ್ಕೆ, ತಮ್ಮ ಪಕ್ಷದ ಕಾರ್ಯಕರ್ತನೂ ಕನ್ನಡಕದಂಗಡಿಯವನೂ ಪರದೇಶದವನೂ ಆದ ನಾನು ಕೈಮುಗಿದು ಬರೆದುಕೊಳ್ಳುವುದು.

ಮಾನ್ಯರೇ,

ಮೊದಲು ತಮ್ಮ ಕ್ಷೇಮಸಮಾಚಾರ. ನನ್ನ ಅಂಗಡಿಯಲ್ಲಿ ಮಾಡಿಸಿಕೊಂಡ ಕನ್ನಡಕ ತಮಗೆ ಈಗಾಗಲೇ ಒಗ್ಗಿರಬೇಕೆಂದು ನಂಬಿದ್ದೇನೆ. ಮೆಟ್ಟಿಲಿಳಿಯುವಾಗ ನೆಲ ತೇಲಿದಂತೆ ಕಂಡರೆ ಗಾಬರಿಯಾಗಬೇಡಿ. ಆ ಗಾಜಿನಲ್ಲಿ ಕೆಳಗಿರುವುದನ್ನು ನೋಡಬೇಕಾದರೆ ಬರೀ ಕಣ್ಣು ಇಳಿಸಿದರೆ ಸಾಲದು, ಕತ್ತನ್ನೂ ಸ್ವಲ್ಪ ಬಗ್ಗಿಸಬೇಕು. ತಾವು ಗೆದ್ದ ಮೇಲೆ ನಾನು ಖಾಸಗಿಯಾಗಿ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಕೆಲಸದ ಒತ್ತಡ ಎಂಥದ್ದೆಂದು ನನಗೆ ಗೊತ್ತು, ಆದ್ದರಿಂದ ಓದುವ ಶ್ರಮವನ್ನು ಊರಿನವರಿಗೂ ಒಂದಿಷ್ಟು ಹಂಚೋಣವೆಂದು ಈ ಸಲ ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮಗೆ ನನ್ನ ಪರಿಚಯವಿದೆ, ಊರಿನವರಿಗಾಗಿ ಹೇಳುತ್ತೇನೆ. ನಾನು ಹುಟ್ಟಿದ ದೇಶ ಬಿಟ್ಟು ಬಂದು ಇಲ್ಲಿ ಅರ್ಧ ಆಯಸ್ಸು ಕಳೆದವನು. ಶಿಸ್ತು, ಕುಟುಂಬ, ಹಿರಿಯರ ಮಾತು, ಕಡಿಮೆ ತೆರಿಗೆ, ಬಿಗಿಯಾದ ಪೊಲೀಸು ಇವುಗಳಲ್ಲಿ ನನಗೆ ಅಚಲ ನಂಬಿಕೆ. ಬೆಳಿಗ್ಗೆ ಅಲ್ಲಿಯ ಸುದ್ದಿ ನೋಡಿ ಅಲ್ಲಿನವರಿಗೆ ಶಿಸ್ತಿಲ್ಲವೆಂದು ಬಯ್ಯುತ್ತೇನೆ, ಸಂಜೆ ಇಲ್ಲಿಯ ಸುದ್ದಿ ನೋಡಿ ಇಲ್ಲಿನವರಿಗೆ ಸಂಸ್ಕಾರವಿಲ್ಲವೆಂದು ಬಯ್ಯುತ್ತೇನೆ. ಹೊರಗಿನಿಂದ ಬಂದವರನ್ನು ಅಲ್ಲಿ ಹದ್ದುಬಸ್ತಿನಲ್ಲಿಡಬೇಕು ಎನ್ನುವ ನಾನೇ, ಹೊರಗಿನಿಂದ ಬಂದ ನನ್ನನ್ನು ಇಲ್ಲಿಯ ಬ್ಯಾಂಕಿನ ಗುಮಾಸ್ತ ಎರಡನೇ ಸಲ ಹೆಸರು ಕೇಳಿದರೆ ಇಡೀ ದಿನ ಮುಖ ಊದಿಸಿಕೊಂಡಿರುತ್ತೇನೆ. ಈ ಅಭಿಪ್ರಾಯಗಳನ್ನು ಮನೆಯಲ್ಲಿ ಕೇಳುವವರಿಲ್ಲದ್ದರಿಂದ ಅಂಗಡಿಯಲ್ಲಿ ಹೇಳುತ್ತೇನೆ. ಕಣ್ಣು ಪರೀಕ್ಷಿಸುವ ಯಂತ್ರಕ್ಕೆ ಗದ್ದವನ್ನು ಆನಿಸಿಯೋ, ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಹೊತ್ತೋ ಕುಳಿತ ಗಿರಾಕಿ ಎದ್ದು ಓಡಲಾರ. ತಾವು ನನಗೆ ಸಿಕ್ಕಿದ್ದೂ ಹಾಗೆಯೇ.

ಇಷ್ಟೆಲ್ಲ ರಾಜಕೀಯವಿದ್ದೂ ನನಗೆ ಎಲ್ಲಿಯೂ ಓಟಿಲ್ಲ. ಹುಟ್ಟಿದ ದೇಶದ ಪೌರತ್ವ ಬಿಡುವುದು ದ್ರೋಹವೆಂದು ಇಲ್ಲಿಯದನ್ನು ತೆಗೆದುಕೊಳ್ಳಲಿಲ್ಲ. ಅಲ್ಲಿ ಓಟು ಹಾಕಬೇಕಾದರೆ ಖುದ್ದಾಗಿ ಹೋಗಿ ನಿಲ್ಲಬೇಕು, ಚುನಾವಣೆಗಳೆಲ್ಲ ಬೇಸಿಗೆಯಲ್ಲಿ ಬರುತ್ತವೆ, ನನಗೆ ಸೆಕೆ ಆಗಿಬರುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಮಾತ್ರ ಯಾರಿಗೂ ಭಾಷಣ ಮಾಡದೆ ಇಲ್ಲಿಯ ಪೌರತ್ವ ಪಡೆದು, ಪ್ರತಿ ಚುನಾವಣೆಯಲ್ಲೂ ಪಾಳಿ ಮುಗಿಸಿಕೊಂಡು ಹೋಗಿ ಓಟು ಹಾಕಿ ಬರುತ್ತಾಳೆ. ಯಾರಿಗೆಂದು ಕೇಳಿದರೆ ತರಕಾರಿ ಹೆಚ್ಚುವುದನ್ನು ಮುಂದುವರಿಸುತ್ತಾಳೆ.

ಕಳೆದ ಚುನಾವಣೆಯಲ್ಲಿ ತಾವು ನನಗೆ ವಹಿಸಿದ ಕೆಲಸವನ್ನು ನಾನು ಮರೆತಿಲ್ಲ. ಪರದೇಶದವರು ಇರುವ ಬೀದಿಗಳಿಗೆ ಹೋಗಿ, ಪರದೇಶದವರು ಜಾಸ್ತಿಯಾದರು ಎಂದು ತಿಳಿಹೇಳಲು ಪರದೇಶದವನೇ ಆಗಬೇಕೆಂದು ತಾವು ನನ್ನ ಹೆಗಲು ತಟ್ಟಿದಿರಿ. ಒಬ್ಬ ಬಂದರೆ ಅವನ ಹಿಂದೆ ಬಂಧುಬಳಗವೆಲ್ಲ ಹಿಂಡು ಹಿಂಡಾಗಿ ಬರುತ್ತದೆ, ಅದನ್ನು ನಿಲ್ಲಿಸಬೇಕು ಎಂಬ ಭಾಷಣವನ್ನು ನಾನು ಮನೆಬಾಗಿಲುಗಳಲ್ಲಿ ಒಪ್ಪಿಸುವ ಮೊದಲು ಫೋನಿನಲ್ಲಿ ಅಕ್ಕನಿಗೆ ಒಪ್ಪಿಸಿದೆ. ಅಕ್ಕ ಹುಟ್ಟಿದೂರಿನಲ್ಲಿ ದರ್ಜಿ ಅಂಗಡಿ ಇಟ್ಟವಳು. ಅಮ್ಮ ಹೋದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಲ್ಲಿಂದ ಕಾಲೇಜಿನವರೆಗೆ ನನ್ನ ಅಂಗಿಗಳನ್ನೆಲ್ಲ ಹೊಲಿದವಳು ಅವಳೇ, ನನ್ನ ಅಭಿಪ್ರಾಯಗಳ ಅಳತೆ ತೆಗೆದವಳೂ ಅವಳೇ. ಭಾಷಣ ಕೇಳಿದವಳು, "ಹಿಂಡು ಹಿಂಡು ಅಂತ ಯಾಕೋ ಹೇಳ್ತೀಯ, ಬರೋರೇನು ಕುರಿಗಳಾ? ಮರ್ಯಾದೆಯಾಗಿ ಹೇಳು, ಆಗ ಯಾರೂ ತಿರುಗಿ ಮಾತಾಡಲ್ಲ" ಎಂದು ಗದರಿ, ತಾನೇ ಒಂದು ವಾಕ್ಯ ಕಟ್ಟಿಕೊಟ್ಟಳು: ಒಳಗೆ ಬಂದವರು ಇಲ್ಲಿ ಚೆನ್ನಾಗಿರಲಿ, ಹೊರಗಿರುವವರು ಅಲ್ಲೇ ಚೆನ್ನಾಗಿರಲಿ.

ಆ ವಾಕ್ಯ ಎಷ್ಟು ಓಡಿತೆಂಬುದು ತಮಗೇ ಗೊತ್ತು. ಅದು ಕರಪತ್ರಕ್ಕೆ ಬಂತು, ಬಸ್ಸಿನ ಬೆನ್ನಿಗೆ ಬಂತು, ಕಡೆಗೆ ಸಂಬಂಧಿಕರನ್ನು ಕರೆಸಿಕೊಳ್ಳುವುದನ್ನು ತಡೆಯುವ ಹೊಸ ನಿಯಮವನ್ನು ಮಂಡಿಸುವಾಗ ತಮ್ಮ ಬಾಯಿಂದ ಸಭೆಯಲ್ಲೇ ಬಂತು. ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಅಕ್ಕನಿಗೆ ಫೋನು ಮಾಡಿ, ನಿನ್ನ ಮಾತು ಪರದೇಶದ ಶಾಸನಸಭೆಯಲ್ಲಿ ಮೊಳಗಿತು ಎಂದು ಎರಡೆರಡು ಸಲ ಹೇಳಿದೆ. ಅಕ್ಕ ಆ ದಿನ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿದಳಂತೆ, ಕುಪ್ಪಸದ ತೋಳು ಚಿಕ್ಕದಾಯಿತೆಂದು ಜಗಳಕ್ಕೆ ಬಂದವಳಿಗೂ ಹೇಳಿದಳಂತೆ.

ಈಗ ವಿಷಯಕ್ಕೆ ಬರುತ್ತೇನೆ. ಅಕ್ಕನ ಮೊಣಕಾಲು ಮಿಷನ್ ತುಳಿಯಲು ಒಪ್ಪದಾದಾಗ ನಾನು, ಸಾಕು, ನಮ್ಮ ಮನೆಗೇ ಬಂದಿರು ಎಂದೆ. ಅವಳು ಗೊಣಗುತ್ತಲೇ ಅಂಗಡಿ ಖಾಲಿ ಮಾಡಿ, ಬಟ್ಟೆ ಕತ್ತರಿಸುವ ಮೇಜನ್ನು ಪಕ್ಕದ ಇಸ್ತ್ರಿಯವನಿಗೆ ಕೊಟ್ಟುಬಿಟ್ಟಳು. ನಾನು ಹಿಂದಿನ ಕೋಣೆಯಿಂದ ಹಳೆಯ ಚೌಕಟ್ಟುಗಳ ಡಬ್ಬಗಳನ್ನೂ ತಮ್ಮ ಉಳಿದ ಕರಪತ್ರಗಳನ್ನೂ ತೆಗೆಸಿ, ಸುಣ್ಣ ಹೊಡೆಸಿ, ಕಿಟಕಿಯ ಹತ್ತಿರ ಮಂಚ ಹಾಕಿಸಿದೆ. ಕಾಲು ನೋಯದಿರಲೆಂದು ವಿದ್ಯುತ್ತಿನಲ್ಲಿ ನಡೆಯುವ ಹೊಲಿಗೆ ಯಂತ್ರವನ್ನೂ ತಂದಿಟ್ಟೆ. ಅರ್ಜಿಯನ್ನೂ ನಾನೇ ತುಂಬಿದೆ. ಹೊಸ ನಿಯಮವೆಲ್ಲ ಕಂಠಪಾಠವಾಗಿದ್ದ ನನಗೂ, ಅದಕ್ಕೆ ವಾಕ್ಯ ಕಟ್ಟಿಕೊಟ್ಟ ಅಕ್ಕನಿಗೂ, ಅದರಲ್ಲಿ ಹೇಳಿದ ಸಂಬಂಧಿಕರೆಂದರೆ ಬೇರೆಯವರ ಸಂಬಂಧಿಕರು ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ತಮ್ಮ ಸರ್ಕಾರದ ಉತ್ತರ ನೇರವಾಗಿ ಅಕ್ಕನಿಗೇ ಹೋಯಿತು. ಕುಟುಂಬವೆಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಮಾತ್ರ. ಅಕ್ಕ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಕುಟುಂಬವೇ ಸಮಾಜದ ಬುನಾದಿ ಎಂದು ತಮ್ಮ ಪರವಾಗಿ ಬೀದಿ ಬೀದಿ ಕೂಗಿದವನಾಗಿ, ಬುನಾದಿಯನ್ನು ಇಷ್ಟು ಚಿಕ್ಕದಾಗಿಟ್ಟು ಖರ್ಚು ಉಳಿಸಿದ ತಮ್ಮ ಜಾಣ್ಮೆಗೆ ತಲೆದೂಗಿದ್ದೇನೆ.

ಆದರೂ ಏನೋ ಕಣ್ತಪ್ಪಿರಬೇಕೆಂದು ತಮ್ಮ ಕಚೇರಿಗೆ ಬಂದೆ. ಬಾಗಿಲಲ್ಲಿ ಪಕ್ಷದ ಬಿಲ್ಲೆ ನೋಡಿ ಒಳಗೆ ಬಿಟ್ಟರು, ವಿಷಯ ಕೇಳಿ ಹೊರಗಿನ ಬೆಂಚಿಗೆ ಕಳಿಸಿದರು. ತಮ್ಮ ಕಾರ್ಯದರ್ಶಿಯಾಗಿರುವ ತರುಣಿ ಬಹಳ ಸಭ್ಯಳು, ನನ್ನ ಮಾತನ್ನೆಲ್ಲ ಕೇಳಿ, "ಸರ್, ಈ ನಿಯಮ ನಿಮಗೆ ಗೊತ್ತಿಲ್ವಾ? ನೀವೇ ತಾನೇ ನಮ್ಮ ಮನೆಗೆ ಬಂದು ನಮ್ಮಪ್ಪನಿಗೆ ಅಷ್ಟು ಹೊತ್ತು ವಿವರಿಸಿದ್ದು?" ಎಂದಳು. ಅವಳ ಅಪ್ಪನೂ ನನ್ನಂತೆ ಹೊರಗಿನಿಂದ ಬಂದವರು, ತಮ್ಮನೊಬ್ಬನನ್ನು ಕರೆಸಿಕೊಳ್ಳಬೇಕೆಂದಿದ್ದರಂತೆ. ನಾನು ಆ ಮನೆಯಲ್ಲಿ ಎರಡು ಲೋಟ ಕಾಫಿ ಕುಡಿದಿದ್ದೆ.

ಮನೆಗೆ ಬಂದು ಹೆಂಡತಿಯ ಮುಂದೆ, ಈ ದೇಶಕ್ಕೆ ಕೃತಜ್ಞತೆಯೇ ಇಲ್ಲ ಎಂದು ಶುರುಮಾಡಿದೆ. ಅವಳು ಆಸ್ಪತ್ರೆಯ ಬೂಟು ಬಿಚ್ಚುತ್ತಾ, "ಈ ಮನೇಲಿ ಇರೋದು ಒಂದೇ ಓಟು ಕಣ್ರೀ. ಅದನ್ನ ನಾನು ನಿಮ್ಮಕ್ಕನಿಗೇ ಹಾಕಿದ್ದೆ" ಎಂದಳು. ಅಂದರೆ ಮಾನ್ಯರೇ, ತಮ್ಮ ಎದುರಾಳಿಗೆ ಬಿದ್ದ ಓಟುಗಳಲ್ಲಿ ಒಂದು ನನ್ನ ಅಡುಗೆಮನೆಯದು. ಪಕ್ಷ ನನ್ನ ಮೇಲೆ ಶಿಸ್ತುಕ್ರಮ ಕೈಗೊಳ್ಳುವುದಾದರೆ ನನ್ನ ಅಭ್ಯಂತರವಿಲ್ಲ.

ಆದಕಾರಣ ನನ್ನ ವಿನಮ್ರ ಬೇಡಿಕೆಗಳನ್ನು ಮುಂದಿಡುತ್ತೇನೆ. ನಿಯಮವನ್ನು ಸಡಿಲಿಸಬೇಕೆಂದು ಖಂಡಿತ ಕೇಳುತ್ತಿಲ್ಲ, ನನ್ನ ತತ್ವ ಅದಕ್ಕೆ ಒಪ್ಪುವುದಿಲ್ಲ. ಬೇಕಾದರೆ ಇನ್ನಷ್ಟು ಬಿಗಿ ಮಾಡಿ, ಆದರೆ ಅಷ್ಟೂ ಬಿಗಿಯನ್ನು ಮಿಕ್ಕವರ ಕಡೆಗೆ ಎಳೆದುಕೊಳ್ಳಿ. ಅದು ಕಾನೂನಿಗೆ ಕಷ್ಟವೆಂದಾದರೆ ನನ್ನ ಅಕ್ಕನನ್ನು ಅಪ್ರಾಪ್ತ ವಯಸ್ಕಳೆಂದು ಘೋಷಿಸಿ, ಹಟದ ಮಟ್ಟಿಗೆ ಅದು ಸುಳ್ಳೂ ಅಲ್ಲ. ಅದೂ ಆಗದಿದ್ದರೆ ಅವಳನ್ನು ಪಕ್ಷದ ಘೋಷವಾಕ್ಯದ ಕರ್ತೃವೆಂದು ಸರ್ಕಾರಿ ಅತಿಥಿಯಾಗಿ ಕರೆಸಿಕೊಂಡು, ವಾಪಸು ಕಳಿಸುವುದನ್ನು ಇಲಾಖೆ ಮರೆತುಬಿಡಲಿ. ಇಷ್ಟು ಸುತ್ತಿಬಳಸಿ ಬರೆಯುವುದಕ್ಕಿಂತ ಒಂದೇ ಮಾತು ಹೇಳಬಹುದಿತ್ತು: ನನಗೆ ನನ್ನ ಅಕ್ಕ ಬೇಕು.

ಅವಳು ಮಾತ್ರ ತಮ್ಮನ್ನು ಒಂದು ಮಾತೂ ಬಯ್ಯಲಿಲ್ಲ. ಫೋನಿನಲ್ಲಿ, "ನಿಯಮ ಅಂದ್ಮೇಲೆ ನಿಯಮ ಕಣೋ, ಅವರು ಸರಿಯಾಗೇ ಮಾಡಿದ್ದಾರೆ. ನಾನು ಅಲ್ಲಿಗೆ ಬರೋ ಹಾಗಿಲ್ಲ ಅಂದ್ರೆ ನೀನೇ ಇಲ್ಲಿಗೆ ಬಂದುಬಿಡು. ದಿನಾ ನಮ್ಮ ದೇಶ ನಮ್ಮ ದೇಶ ಅಂತಿರ್ತೀಯಲ್ಲ. ಯಾವಾಗ ಬರ್ತೀಯ ಹೇಳು" ಎಂದಳು. ನಾನು ಹಲೋ ಹಲೋ, ಏನೂ ಕೇಳಿಸುತ್ತಿಲ್ಲ ಎಂದು ಫೋನು ಇಟ್ಟುಬಿಟ್ಟೆ. ಅವಳ ಉಸಿರು ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು.

ಆದ್ದರಿಂದ ಮಾನ್ಯರೇ, ಒಳಗೆ ಬರುವವರನ್ನು ತಡೆಯಲು ಇಷ್ಟು ಒಳ್ಳೆಯ ನಿಯಮ ಮಾಡಿದ ತಾವು, ನನ್ನಂಥವನು ಹೊರಗೆ ಹೋಗದಂತೆ ತಡೆಯುವ ಒಂದು ನಿಯಮವನ್ನೂ ದಯವಿಟ್ಟು ಮಾಡಿಕೊಡಬೇಕು. ದೇಶಪ್ರೇಮಿಯೊಬ್ಬನಿಗೆ ತನ್ನ ದೇಶಕ್ಕೆ ಹೋಗದಿರಲು ಒಂದು ಕಾನೂನುಬದ್ಧ ಕಾರಣ ಒದಗಿಸಿಕೊಟ್ಟ ಪುಣ್ಯ ತಮಗೆ ಬರಲಿ.

ಹೀಗೆ ಬರೆದೂ ಇನ್ನೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ
ಕನ್ನಡಕದಂಗಡಿಯವನು

ಮರೆತ ವಿಷಯ: ಅಂಥ ನಿಯಮ ತರಲು ಸಮಯ ಹಿಡಿಯುವುದಾದರೆ, ಅಷ್ಟರಲ್ಲಿ ತಮ್ಮ ಕಚೇರಿಯಿಂದ ನನ್ನ ಪರವಾಗಿ ಅಕ್ಕನಿಗೆ ಇನ್ನೊಂದು ಪತ್ರ ಹೋಗಲಿ. ನಾನು ಅಲ್ಲಿಗೆ ಬರುವುದಿಲ್ಲ ಎಂಬುದನ್ನು ನಾನೇ ಬರೆಯೋಣವೆಂದು ಕುಳಿತರೆ ಅಕ್ಕಾ ಎಂಬಲ್ಲಿಂದ ಮುಂದಕ್ಕೆ ಪೆನ್ನು ಹೋಗುವುದಿಲ್ಲ. ತಮ್ಮವರಿಗಾದರೆ ಅವಳಿಗೆ ಇಲ್ಲ ಎಂದು ಹೇಳಿ ಒಂದು ಸಲ ಅಭ್ಯಾಸವಾಗಿದೆ.