ಕಾಗೆ ಮುಟ್ಟದ ಸಜ್ಜಕ

"ಅತ್ತೀಗಿ ಏನ್ ಸೇರ್ತಿತ್ರಿ? ಎಡಿಗಿ ಏನ್ ಮಾಡ್ಲಿ?" ಎಂದು ಹೆಂಡತಿ ಅಂಬಿಕಾ ಕೇಳಿದಾಗ ಸಾಯಬಣ್ಣ ದಾಡಿ ಮಾಡಿಕೊಳ್ಳುತ್ತಿದ್ದ. ಕನ್ನಡಿಯಿಂದ ಮುಖ ಹೊರಳಿಸದೆ "ಸಜ್ಜಕ" ಎಂದುಬಿಟ್ಟ. ಒಂದು ಗಳಿಗೆ ಯೋಚಿಸಿದ್ದರೆ ಆ ಭಾನುವಾರ ಬೇರೆ ರೀತಿ ಕಳೆಯುತ್ತಿತ್ತೋ ಏನೋ. ಆದರೆ ಹೆತ್ತ ತಾಯಿಯ ವಿಷಯದಲ್ಲಿ ಯೋಚಿಸಿ ಉತ್ತರ ಹೇಳುವ ಮಗ ಎಲ್ಲಿದ್ದಾನೆ?

ಅಂದು ಅವನ ತಾಯಿ ಭೀಮಬಾಯಿಯ ವರ್ಷದ ತಿಥಿ. ಸನ್ನತಿಯಲ್ಲಿ ಭೀಮಾ ನದಿಯ ದಂಡೆಯ ಮೇಲೆ ಹುಟ್ಟಿ, ಅದೇ ದಂಡೆಯ ಇನ್ನೊಂದು ಮನೆಗೆ ಸೊಸೆಯಾಗಿ ಹೋಗಿ, ಕೊನೆಯ ಹದಿನೈದು ವರ್ಷ ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮಗನ ಜೊತೆ ಬದುಕಿದ ಹೆಂಗಸು ಅವಳು. ಬೇಕು ಎಂದು ಬಾಯಿಬಿಟ್ಟು ಕೇಳಿದವಳಲ್ಲ. ಸಾಯಬಣ್ಣ ಅದನ್ನು ತನ್ನ ಸಾಕಾಣಿಕೆಯ ಹೆಚ್ಚುಗಾರಿಕೆ ಎಂದು ತಿಳಿದಿದ್ದ. "ನಮ್ಮವ್ವಗ ನಾ ಏನೂ ಕಮ್ಮಿ ಮಾಡಿಲ್ಲ ನೋಡ್ರಿ" ಎಂದು ವರ್ಷವಿಡೀ ಹೇಳಿಕೊಂಡು ತಿರುಗಿದ್ದ.

ಕಾರ್ಖಾನೆಯಲ್ಲಿ ಅವನು ಫಿಟ್ಟರ್. ಕೈಗುಣ ಒಳ್ಳೆಯದು. ಓಣಿಯಲ್ಲಿ ಯಾರ ಫ್ಯಾನು ನಿಂತರೂ, ಯಾರ ನಳ ಸೋರಿದರೂ ಅವನೇ ಬೇಕು. ಹೋದ ವಾರ ಅಂಬಿಕಾ ಮಾಳಿಗೆಯ ಮೇಲೆ ಕುರಡಗಿ ಸಂಡಿಗೆ ಒಣಹಾಕಿದಾಗಲೂ ತನ್ನ ಬುದ್ಧಿ ಓಡಿಸಿ ಒಂದು ಏರ್ಪಾಟು ಮಾಡಿಕೊಟ್ಟಿದ್ದ. ಒಂದು ಎಳೆಯೂ ಹಾಳಾಗಿರಲಿಲ್ಲ. ಇಂಥವನಿಗೆ ತಾಯಿಗೆ ಸೇರುವ ಅಡುಗೆ ಗೊತ್ತಿರಲಿಕ್ಕಿಲ್ಲ ಎಂದು ಯಾರು ಅನುಮಾನಪಟ್ಟಾರು?

ಹತ್ತು ಗಂಟೆಗೆ ಸನ್ನತಿಯಿಂದ ಒಂದು ಟೆಂಪೋ ತುಂಬ ಬೀಗರು, ನೆಂಟರು ಬಂದಿಳಿದರು. ಹನ್ನೊಂದೂವರೆಗೆ ಮಾಳಿಗೆಯ ಮೇಲೆ ಬಾಳೆಲೆ ಹಾಸಿ, ಜೋಳದ ರೊಟ್ಟಿ, ಬದನೆಕಾಯಿ, ಬೇಳೆ, ಅನ್ನ, ಕರಿದ ಕುರಡಗಿ ಬಡಿಸಿ, ನಡುವೆ ಗೋಧಿ ರವೆ, ಬೆಲ್ಲ ಹಾಕಿ ಮಾಡಿ ತುಪ್ಪ ಸುರಿದ ಸಜ್ಜಕ ಇಟ್ಟರು. ಕಾಗೆ ಬಂದು ಎಡೆ ಮುಟ್ಟಬೇಕು. ಆಮೇಲೆ ಮಂದಿಯ ಊಟ. ಅಲ್ಲಿಯವರೆಗೆ ಮಗನ ಬಾಯಿಗೆ ಒಂದು ಗುಟುಕು ಚಹಾ ಕೂಡ ಇಲ್ಲ. ಸಾಯಬಣ್ಣ ಕೈಮುಗಿದು, ಆಕಾಶಕ್ಕೆ ಮುಖ ಮಾಡಿ, "ಕಾವ್, ಕಾವ್" ಎಂದು ಕರೆದ.

ಆಕಾಶ ತೊಳೆದಿಟ್ಟ ತಾಟಿನಂತೆ ಖಾಲಿಯಿತ್ತು.

ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ದಿನ ಬೆಳಗಾದರೆ ಓಣಿಯ ಕಸದ ಮೇಲೆ ಜಾತ್ರೆ ಮಾಡುವ ಕಾಗೆಗಳಲ್ಲಿ ಒಂದೂ ಇತ್ತ ಸುಳಿಯಲಿಲ್ಲ. ದೂರದ ಬೇವಿನ ಮರದಲ್ಲಿ ನಾಲ್ಕು ಕುಳಿತಿದ್ದವು. ಈ ಕಡೆ ನೋಡಿದವು, ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡವು, ಅಲ್ಲೇ ಉಳಿದವು.

ಎದುರು ಮನೆಯ ಮಾಣಿಕಪ್ಪ ಮೆಟ್ಟಿಲು ಹತ್ತಿ ಬಂದರು. ನಿವೃತ್ತ ಮೇಸ್ತ್ರಿ. ಓಣಿಯಲ್ಲಿ ಹುಟ್ಟು, ಸಾವು, ಮದುವೆ ಯಾವುದೇ ಇರಲಿ, ಮೊದಲ ಮಾತು ಅವರದೇ.

"ನಮ್ಮ ಶರಣರ ಮನಿಯೊಳಗ ಕಾಗಿಗಿ ಇಡೂ ಪದ್ಧತಿ ಇಲ್ಲಪ್ಪ" ಎಂದರು. "ಆದ್ರ ಕಾಗಿ ವಿಷಯ ನನಗ ಗೊತ್ತದ. ಅಕಿ ಮನಸಿನ್ಯಾಗ ಏನೋ ಆಸಿ ಉಳದದ. ಬಾಯಿಬಿಟ್ಟು ಮಾತು ಕೊಡು, ತಾನೇ ಬರ್ತದ."

"ಏನ್ ಮಾತು ಕೊಡ್ಲಿ ಕಾಕಾ?"

"ಅದು ನಿನಗ ಗೊತ್ತಿರಬೇಕು. ಮಗ ನೀನೋ ನಾನೋ? ಮೊದಲ ಒಂದು ಛತ್ರಿ ತಗೊಂಬಾ, ತಲಿ ಸುಡಾಕತ್ತದ. ನಿಮ್ಮ ಮನ್ಯಾಗ ಕರೀದು ದೊಡ್ಡದೊಂದು ಇತ್ತಲ್ಲ?"

"ಅದು ಹರದಿತ್ರಿ. ಬ್ಯಾರೆ ಕೆಲಸಕ್ಕ ಹಾಕೀನಿ" ಎಂದ ಸಾಯಬಣ್ಣ. ಎಡೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ. "ಅವ್ವಾ, ವರ್ಷಾ ವರ್ಷಾ ತಪ್ಪದಂಗ ಸಜ್ಜಕ ಮಾಡಸ್ತೀನವ್ವಾ."

ಕಾಗೆ ಬರಲಿಲ್ಲ.

ಅಂಬಿಕಾ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ, "ಮನ್ಯಾಗ ಒಂದು ಛಲೋ ಮಿಕ್ಸರ್ ಇರಬೇಕು ಅಂತ ಅತ್ತಿ ಭಾಳ ಸಲ ಅಂದಾರ್ರಿ" ಎಂದಳು. ಸಾಯಬಣ್ಣ ಮಿಕ್ಸರಿಗೂ ಮಾತು ಕೊಟ್ಟ. ಕಾಗೆ ಬರಲಿಲ್ಲ. ಮಾಣಿಕಪ್ಪ ಕೆಮ್ಮಿ, "ಮಾಣಿಕಪ್ಪಗ ದಿನಾ ಮುಂಜಾನಿ ಚಾ ಕೊಡ್ರಿ ಅಂತಿದ್ಳಪ್ಪ ಪಾಪ" ಎಂದರು. ಚಹಾಕ್ಕೂ ಮಾತು ಕೊಟ್ಟಿದ್ದಾಯಿತು. ಕಾಗೆಗಳು ಬೇವಿನ ಮರದಿಂದಲೂ ಎದ್ದು ಹೋದವು.

ಕೆಳಗೆ ನೆಂಟರ ಮಕ್ಕಳು ಹಸಿದು ಅಳತೊಡಗಿದವು. ಸನ್ನತಿಯ ಹಿರಿಯರೊಬ್ಬರು, ಎಲ್ಲರಿಗೂ ಕೇಳುವಂತೆಯೇ, "ಮಗ ಏನೋ ಕಮ್ಮಿ ಮಾಡ್ಯಾನ" ಎಂದರು. ಸಾಯಬಣ್ಣನಿಗೆ ಆ ಮಾತು ಎದೆಗೆ ನಾಟಿತು. ಒಂದು ವರ್ಷದಿಂದ ಅವನು ನೆಮ್ಮದಿಯಿಂದ ಮಲಗಿದ್ದು 'ಕಮ್ಮಿ ಮಾಡಿಲ್ಲ' ಎಂಬ ಒಂದೇ ನಂಬಿಕೆಯ ಮೇಲೆ. ಈಗ ಊರಿಗೆ ಊರೇ ನೋಡುತ್ತಿರುವಾಗ ತಾಯಿ ಎಡೆ ಮುಟ್ಟುತ್ತಿಲ್ಲ.

ಅಲ್ಲಿಯವರೆಗೆ ಸುಮ್ಮನಿದ್ದ ಪಕ್ಕದ ಮನೆಯ ಹಮೀದಾಬೇಗಂ ಮುಂದೆ ಬಂದರು. ಭೀಮಬಾಯಿಯ ಓರಗೆಯವರು.

"ಬೇಟಾ, ಬ್ಯಾಸರ ಮಾಡ್ಕೋಬ್ಯಾಡ. ಭೀಮಾಆಪಾಗ ಸಜ್ಜಕ ಸೇರ್ತಿದ್ದಿಲ್ಲ. ಹಲ್ಲಿಗಿ ಅಂಟ್ತದ ಅಂತಿದ್ರು."

"ಏನಂತೀರಿ ಖಾಲಾ? ಪ್ರತಿ ಹಬ್ಬಕ್ಕೂ ಅವ್ವನೇ ಮಾಡ್ತಿದ್ಳು!"

"ನಿನಗ ಸೇರ್ತದಂತ ಮಾಡ್ತಿದ್ರು. ಅವರಿಗಿ ಸೇರೂದು ನಾ ಮಾಡೂದು. ಪ್ರತಿ ಶುಕ್ರವಾರ ನಮ್ಮ ಮನ್ಯಾಗೇ ಉಣ್ತಿದ್ರು. ಇವತ್ತೂ ಮಾಡೀನಿ. ಎಡಿಗಿ ಇಡ್ಲೇನು ಅಂತ ಕೇಳಲಿಕ್ಕಿ ಧೈರ್ಯ ಸಾಲಲಿಲ್ಲ. ತಡಿ, ತರ್ತೀನಿ."

"ಶುಕ್ರವಾರ?" ಎಂದಳು ಹಿಂದಿನ ಮನೆಯ ತುಳಜಾಬಾಯಿ. ಸೋಲಾಪುರದ ಕಡೆಯವಳು, ಮಾತಿಗೆ ಮೊದಲೇ ಕೈ ಆಡುತ್ತದೆ. "ನಮ್ಮ ಮನ್ಯಾಗ ಸೋಮವಾರ ಉಣ್ತಿದ್ರು. ಅವರಿಗಿ ನನ್ನ ಕೈ ಅಡಗಿ ಅಂದ್ರ ಜೀವ. ನಾನೂ ಮಾಡೀನಿ, ತರ್ತೀನಿ."

"ಅಟ್ಲಾ ಎಟ್ಲಾ, ಅದು ಹೆಂಗ?" ಎಂದಳು ಸೇಡಂ ಗಡಿಯಾಚೆಯ ತೆಲುಗು ಸೀಮೆಯಿಂದ ಬಂದು ಅದೇ ಓಣಿಯಲ್ಲಿದ್ದ ಯಾದಮ್ಮ. "ಗುರುವಾರ ನಮ್ಮ ಇಂಟ್ಲೋನೇ ಅಲ್ವಾ ಪೆದ್ದಮ್ಮ ಉಣ್ತಿದ್ದಿದ್ದು? ನಾನೂ ಮಾಡೀನಿ ಅಣ್ಣಾ."

ಸಾಯಬಣ್ಣನ ತಲೆ ಗಿರ್ರೆಂದಿತು. ಸೋಮವಾರ ಅವ್ವ ಭಜನೆಗೆ ಹೋಗುತ್ತಿದ್ದಳು. ಗುರುವಾರ ಬಿ.ಪಿ. ತೋರಿಸಲು ಹೋಗುತ್ತಿದ್ದಳು. ಶುಕ್ರವಾರ ಜಂಪರು ಹೊಲಿಸಲು. ಹದಿನೈದು ವರ್ಷ ಪ್ರತಿ ಶುಕ್ರವಾರ ಜಂಪರು ಹೊಲಿಸಿದ ತಾಯಿಯ ಟ್ರಂಕಿನಲ್ಲಿ ಸಿಕ್ಕಿದ್ದು ನಾಲ್ಕೇ ಜಂಪರು ಎಂಬುದು ಅವನಿಗೆ ಈಗ ನೆನಪಾಯಿತು.

ಮೂವರೂ ಹತ್ತು ನಿಮಿಷದಲ್ಲಿ ತಿರುಗಿ ಬಂದರು. ಒಬ್ಬರ ಕೈಯಲ್ಲಿ ಬೋಗುಣಿ, ಒಬ್ಬರ ಕೈಯಲ್ಲಿ ಸ್ಟೀಲಿನ ಡಬ್ಬಿ, ಒಬ್ಬರ ಕೈಯಲ್ಲಿ ಉಪ್ಪಿನಕಾಯಿ ಭರಣಿ. ಎಡೆಯ ಮುಂದೆ ಕುಳಿತು ಮೂವರೂ ಒಮ್ಮೆಗೇ ಮುಚ್ಚಳ ತೆಗೆದರು. ತೆಗೆದವರು ಒಬ್ಬರ ಪಾತ್ರೆ ಒಬ್ಬರು ನೋಡಿಕೊಂಡು ಹಾಗೇ ಕುಳಿತುಬಿಟ್ಟರು.

ಮೂರರಲ್ಲೂ ಇದ್ದದ್ದು ಒಂದೇ ಹುಳಿಸೊಪ್ಪು, ಪುಂಡಿಪಲ್ಯ.

ಹಮೀದಾಬೇಗಂ ಅವರದು ಬೆಳ್ಳುಳ್ಳಿ ಸುಟ್ಟು ಹಾಕಿ, ಎಣ್ಣೆ ಮೇಲೆ ತೇಲುವಂಥದ್ದು. "ಆಪಾಗ ಅಂತ ಬ್ಯಾರೆನೇ, ಗೋಷ್ತ್, ಮಾಂಸ ಏನೂ ಹಾಕಲಾರದಂಗ" ಎಂದರು. ತುಳಜಾಬಾಯಿಯದು ಜೋಳದ ನುಚ್ಚು, ಶೇಂಗಾ ಹಾಕಿ ಗಟ್ಟಿಯಾಗಿ ಬೇಯಿಸಿದ್ದು. ಯಾದಮ್ಮನದು ಒಣಮೆಣಸಿನಕಾಯಿಯ ಜೊತೆ ಅರೆದ, ನೋಡಿದರೇ ಕಣ್ಣಲ್ಲಿ ನೀರು ಬರಿಸುವ ಕೆಂಪು ಚಟ್ನಿ.

"ಥೇಟ್ ನಮ್ಮವ್ವನ ಕೈ ರುಚಿ ಅಂತಿದ್ರು ನನ್ನ ಭಾಜಿ ಉಂಡು" ಎಂದಳು ತುಳಜಾಬಾಯಿ.

"ತೌಬಾ! ಆ ಮಾತು ನನಗ ಅಂದಿದ್ದು."

"ಅಯ್ಯೋ, ನನಗೂ ಅದೇ ಅಂದ್ರು" ಎಂದಳು ಯಾದಮ್ಮ, ಅಳುಮೋರೆ ಮಾಡಿಕೊಂಡು.

ಜಗಳ ಆಗಬೇಕಿತ್ತು, ಆಗಲಿಲ್ಲ. ಹಮೀದಾಬೇಗಂ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಆಪಾ ಸಣ್ಣಾಕಿದ್ದಾಗ ಒಮ್ಮೆ ಭೀಮಾ ಹೊಳಿ ಬಂದು ಮನಿ ತುಂಬ ನೀರು ನಿಂತಿತ್ತಂತ. ತಾಯಿ ಮಗಳು ಎರಡು ದಿನ ಗುಡಿ ಕಟ್ಟಿ ಮ್ಯಾಲ ಕುಂತಿದ್ರು. ಕೈಯಾಗ ಇದ್ದದ್ದು ತಂಗಳ ರೊಟ್ಟಿ, ಒಂದು ಗಡಿಗಿ ಪುಂಡಿಪಲ್ಯ. ತಾಯಿ ತಾ ಉಣ್ಣದ ಇವರಿಗೇ ಉಣಿಸಿದಳಂತ. ಅದು ಬಾಯಾಗ ಇಟ್ಟಾಗೆಲ್ಲ ನಮ್ಮವ್ವ ನೆನಪಾಗ್ತಾಳ ಹಮೀದಾ, ಅಂತಿದ್ರು."

"ಮತ್ತ ಮನ್ಯಾಗ ಯಾಕ ಮಾಡ್ತಿದ್ದಿಲ್ಲ?" ಎಂದರು ಮಾಣಿಕಪ್ಪ.

ಉತ್ತರ ಗೊತ್ತಿದ್ದ ಸಾಯಬಣ್ಣನೇ ತಲೆ ತಗ್ಗಿಸಿ ಹೇಳಿದ. ಎಂಟು ವರ್ಷದವನಿದ್ದಾಗ ಜ್ವರ ಬಿಟ್ಟ ಬಾಯಿಗೆ ಅಪ್ಪ ಪುಂಡಿಪಲ್ಯ ತುರುಕಿದ್ದ. ಎಲ್ಲ ವಾಂತಿ ಮಾಡಿಕೊಂಡ ಹುಡುಗ, 'ಇನ್ನ ಈ ಮನ್ಯಾಗ ಪುಂಡಿ ಬಂದ್ರ ನಾ ಉಣ್ಣಂಗಿಲ್ಲ' ಎಂದು ಎರಡು ದಿನ ಉಪವಾಸ ಕೂತಿದ್ದ. ಆಮೇಲೆ ಪುಂಡಿ ಬರಲಿಲ್ಲ. ನಲವತ್ತು ವರ್ಷ ಬರಲಿಲ್ಲ. ಅದು ಯಾಕೆ ಬರಲಿಲ್ಲ, ಯಾರು ಬಿಟ್ಟುಕೊಟ್ಟರು ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ತನಗೆ ಬೇಡವಾದದ್ದು ಯಾರಿಗೂ ಬೇಡ ಎಂದುಕೊಂಡು ಆರಾಮವಾಗಿ ಉಂಡಿದ್ದ. ಈಗ ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು, ಅದರ ಹಿಂದೆಯೇ ದುಃಖ ಒತ್ತರಿಸಿ ಬಂತು.

ಮೂರೂ ಪಲ್ಯ ಎಡೆಯ ಮೇಲೆ ಬಿದ್ದವು. ಸಾಯಬಣ್ಣ ಮೊಣಕಾಲೂರಿ ಕುಳಿತ.

"ಅವ್ವಾ, ತಪ್ಪಾಯ್ತು. ಇನ್ನ ಸೋಮವಾರ ತುಳಜಾವೈನಿ ಮನ್ಯಾಗ, ಗುರುವಾರ ಯಾದಮ್ಮನ ಮನ್ಯಾಗ, ಶುಕ್ರವಾರ ಖಾಲಾನ ಮನ್ಯಾಗ ನೀ ಕುಂತ ಜಾಗಾದಾಗ ನಾನೇ ಕುಂತು ಪುಂಡಿಪಲ್ಯ ಉಣ್ತೀನಿ. ಇರೂ ತನಕ ಉಣ್ತೀನಿ. ಬಾ ಅವ್ವಾ."

ಕಾಗೆ ಬರಲಿಲ್ಲ.

"ನಂಬಿಕಿ ಇಲ್ಲ ಅಕಿಗಿ" ಎಂದರು ಮಾಣಿಕಪ್ಪ. "ನೀ ಎಂಟು ವರ್ಷದಾವಿದ್ದಾಗಿನ ಹಟ ನೋಡ್ಯಾಳಲ್ಲ. ಈಗೇ ಉಂಡು ತೋರ್ಸು."

ಸಾಯಬಣ್ಣ ಉಂಡ. ಮೂರರಿಂದಲೂ ಒಂದೊಂದು ತುತ್ತು, ಎಲ್ಲರ ಮುಂದೆ, ಕಣ್ಣು ಮುಚ್ಚಿ. ಹುಳಿ ದವಡೆಯ ಮೂಲೆಗೆ ಹೋಗಿ ಹಿಡಿಯಿತು. ಇದರಲ್ಲಿ ಏನಿದೆ ಅಂಥದ್ದು ಎಂದು ಅವನಿಗೆ ಆಗಲೂ ತಿಳಿಯಲಿಲ್ಲ. ಯಾದಮ್ಮನ ಚಟ್ನಿಯ ಹೊತ್ತಿಗೆ ಕಣ್ಣಿಂದ ನೀರು ದಳದಳ ಇಳಿಯತೊಡಗಿತು. ಅದು ಮೆಣಸಿನಕಾಯಿಯದೋ ತಾಯಿಯದೋ ಎಂದು ನೆರೆದವರಲ್ಲಿ ಒಮ್ಮತ ಮೂಡಲಿಲ್ಲ. ಹೆಂಗಸರೆಲ್ಲ ಅತ್ತರು. ಸನ್ನತಿಯ ಹಿರಿಯರೂ ಮೂಗು ಒರೆಸಿಕೊಂಡರು.

ಇಷ್ಟಾದರೂ ಕಾಗೆ ಇಲ್ಲ. ಗಂಟೆ ಮೂರು.

ಬಿಸಿಲು ತಡೆಯದ ಮಾಣಿಕಪ್ಪ ನೆರಳು ಹುಡುಕಿಕೊಂಡು ನೀರಿನ ಟಾಕಿಯ ಹಿಂದೆ ಹೋದರು. ಹೋದವರು "ಅಯ್ಯಯ್ಯೋ ಶಿವನ!" ಎಂದು ಚೀರಿ, ತಲೆ ಹಿಡಿದುಕೊಂಡು ಹೊರಗೆ ಬಂದರು.

"ಸಾಯಬಣ್ಣಾ! ಇಲ್ಲಿ ಬಾರೋ! ಇದೇನೋ ಇದು, ಹೆಣ ತೂಗಹಾಕೀದಿ?"

ಟಾಕಿಯ ಹಿಂದೆ, ಕುರಡಗಿ ಒಣಹಾಕುವ ಜಾಗದ ಮೇಲೆ, ಹಳೇ ಆಂಟೆನಾ ಕಂಬಕ್ಕೆ ತಲೆಕೆಳಗಾಗಿ ಒಂದು ಕಾಗೆ ನೇತಾಡುತ್ತಿತ್ತು. ರೆಕ್ಕೆ ಕರಿ ಛತ್ರಿಯ ಅರಿವೆಯದು, ಕಾಲು ಛತ್ರಿಯ ಕಡ್ಡಿಯವು, ಕೊಕ್ಕು ಡಬ್ಬಿ ತಗಡಿನದು. ನಿಜವಾದ ಸತ್ತ ಕಾಗೆಗಿಂತ ಅದೇ ಹೆಚ್ಚು ಸತ್ತಂತೆ ಕಾಣುತ್ತಿತ್ತು. ಕೆಲಸದಲ್ಲಿ ಒಂದೂ ಕೊರತೆ ಇರಲಿಲ್ಲ, ಫಿಟ್ಟರನ ಕೈ ಅದು.

ಎಲ್ಲರೂ ಸಾಯಬಣ್ಣನ ಮುಖ ನೋಡಿದರು.

"ಕುರಡಗಿಗಿ ಕಾಗಿ ಬರಬಾರದಂತ..." ಎಂದು ಶುರುಮಾಡಿ ಅವನು ಅಲ್ಲಿಗೇ ನಿಂತ.

ಅದನ್ನು ಬಿಚ್ಚಿ ಮೂಟೆ ಕಟ್ಟಿ ಕೆಳಗೆ ಒಯ್ದು ಐದು ನಿಮಿಷ ಆಗಿರಲಿಲ್ಲ, ಮೊದಲ ಕಾಗೆ ಗೋಡೆಯ ಮೇಲೆ ಬಂದು ಕೂತಿತು. ಕತ್ತು ಕೊಂಕಿಸಿ ಮೂರು ಪುಂಡಿಪಲ್ಯವನ್ನೂ ನೋಡಿತು. ಹಾರಿ ಇಳಿದು, ಪಲ್ಯದ ಬದಿಯಿಂದಲೇ ನಡೆದುಹೋಗಿ, ಸಜ್ಜಕಕ್ಕೆ ಕೊಕ್ಕು ಹಾಕಿತು.

ಸಾಯಬಣ್ಣ ಎದ್ದು ನಿಂತ. "ನೋಡ್ರಿ! ನೋಡ್ರಿ ಎಲ್ಲರೂ! ನಾ ಅಂದಿದ್ದಿಲ್ಲ? ಅವ್ವಗ ಸೇರೂದು ಸಜ್ಜಕನೇ!"

ಅಂಬಿಕಾ ಕಾಗೆಯನ್ನೇ ನೋಡುತ್ತಿದ್ದಳು. "ಈಗೂ ನಿಮಗ ಸೇರೂದೇ ಮೊದಲ ಮುಟ್ಟಿದ್ರು ನೋಡ್ರಿ ಅತ್ತಿ" ಎಂದಳು.

ಸಾಯಬಣ್ಣನ ಎತ್ತಿದ ಕೈ ಹಾಗೇ ಕೆಳಗಿಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅವನು ಮಾಣಿಕಪ್ಪನವರನ್ನು ಒಂದು ಬದಿಗೆ ಕರೆದ. "ಕಾಕಾ, ಕಾಗಿ ಬರಲಾರದ್ದು ಛತ್ರಿ ಸಲುವಾಗಿ. ಅಂದಮ್ಯಾಲ ಆ ಕೊಟ್ಟ ಮಾತು..."

"ಮಾತು ಛತ್ರಿಗಿ ಕೊಟ್ಟೀದೇನು? ಅವ್ವಗ ಕೊಟ್ಟೀದಿ" ಎಂದರು ಮಾಣಿಕಪ್ಪ. "ನಾ ನಾಳಿ ಆರು ಗಂಟೀಗೇ ಚಾಕ್ಕ ಬರ್ತೀನಿ."

"ನಾಳಿ ಸೋಮವಾರ, ನಮ್ಮ ಪಾಳಿ" ಎಂದಳು ತುಳಜಾಬಾಯಿ.

ಎಲ್ಲರೂ ಊಟಕ್ಕೆ ಇಳಿದರು. ಮುಂಜಾನೆಯಿಂದ ಉಪವಾಸವಿದ್ದ ಸಾಯಬಣ್ಣನಿಗೆ ಉಳಿದಿದ್ದ ಸಮಾಧಾನ ಒಂದೇ, ಎಡೆಯ ಪಕ್ಕ ಇಟ್ಟಿದ್ದ ಸಜ್ಜಕದ ಪಾತೇಲಿ. ಅದನ್ನು ತರಲು ಹಿಂತಿರುಗಿ ಮೆಟ್ಟಿಲು ಹತ್ತಿದ. ಒಂದು ವಾರ ಈ ಮಾಳಿಗೆಯ ಕಡೆ ಸುಳಿಯದಿದ್ದ ವಾಡಿಯ ಕಾಗೆಗಳೆಲ್ಲ ಅಲ್ಲಿ ಸೇರಿದ್ದವು. ಪಾತೇಲಿಯ ತಳ ಹೊಳೆಯುತ್ತಿತ್ತು. ಮೂರು ಪುಂಡಿಪಲ್ಯ ಮಾತ್ರ ಇಟ್ಟಲ್ಲೇ ಇದ್ದವು.

ಅವನು ಅವುಗಳ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಅಂಬಿಕಾ ಎರಡು ರೊಟ್ಟಿ ತಂದು ತಾಟಿಗೆ ಹಾಕಿದಳು.

"ನೀವು ಶುರು ಮಾಡ್ರಿ" ಎಂದಳು. "ನಾ ನೀರು ತರ್ತೀನಿ."