ಆಂಟಾಪ್ ಹಿಲ್ ಒಪ್ಪಂದ

ಗೌಸ ಟೂಲ್ ಬ್ಯಾಗನ್ನು ಹೆಗಲಿಗೇರಿಸಿ ಕೆಲಸಕ್ಕೆ ಹೊರಟಾಗ ಹೆಂಡತಿ ಇಮಾಮಬಿ ಅವನ ಕೈಗೆ ಊಟದ ಡಬ್ಬಿ ಕೊಡಲಿಲ್ಲ, ಖಾಲಿ ಕೊಡ ಕೊಟ್ಟಳು. ಅದನ್ನು ಹಿಡಿದು ಏನು ಮಾಡಬೇಕೆಂದು ತಿಳಿಯದೆ ಅವನು ಹೊಸ್ತಿಲ ಮೇಲೆ ನಿಂತ.

"ನಾಳೆ ಗೋರೆಗಾಂವದಿಂದ ಶಬ್ರೀನನ್ನ ನೋಡಾಕ ಬರ್ತಾರ. ಕೈ ತೊಳಿಯಾಕ ನೀರು ಕೇಳಿದ್ರ ಅವ್ರಿಗೆ ಈ ಕೊಡ ತೋರಸ್ಲೇನು?" ಎಂದಳು ಇಮಾಮಬಿ. "ಇವತ್ತು ಮೋಟಾರ್ ಹಿಡಕೊಂಡು ಬರ್ರಿ. ಇಲ್ಲಾಂದ್ರ ಬರಬ್ಯಾಡ್ರಿ."

ಮಗಳನ್ನು ನೋಡಲು ಗಂಡಿನ ಕಡೆಯವರು ಬರುವಾಗ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಂಟಾಪ್ ಹಿಲ್‌ನ ಆ ಚಾಳಿನ ಸಾಲಿನಲ್ಲಿ ಹನ್ನೊಂದು ಮನೆ, ಗೌಸನದು ಕೊನೆಯದು. ಮುನ್ಸಿಪಾಲಿಟಿ ನೀರು ದಿನಕ್ಕೊಮ್ಮೆ, ಸಂಜೆ ಹೊತ್ತು ಬರುತ್ತಿತ್ತು. ಒಂದು ಕಾಲದಲ್ಲಿ ಎಲ್ಲರ ನಳದಲ್ಲೂ ಬರುತ್ತಿತ್ತು. ಆಮೇಲೆ ಮೊದಲನೆಯ ಮನೆಯ ಗೌಂಡಿ ಮೇಸ್ತ್ರಿ ನಿಂಗಣ್ಣ ತನ್ನ ನಳಕ್ಕೆ ಒಂದು ಪುಟ್ಟ ಮೋಟಾರ್ ಹಚ್ಚಿ ಪೈಪಿನಿಂದಲೇ ನೀರು ಎಳೆಯಲು ಶುರುಮಾಡಿದ. ಪಕ್ಕದಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುವ ಕಸ್ತೂರಿಬಾಯಿಯ ನಳ ಅಂದಿನಿಂದ ದಾರದಷ್ಟು ಸಣ್ಣಗಾಯಿತು. ಅವಳು ನಿಂಗಣ್ಣನದಕ್ಕಿಂತ ದೊಡ್ಡದನ್ನು ತಂದಳು. ಮೂರನೆಯ ಮನೆಯ ದಾನಪ್ಪ ಅವಳದಕ್ಕಿಂತ ದೊಡ್ಡದನ್ನು ತಂದ. ಆಗ ನಿಂಗಣ್ಣನಿಗೆ ತನ್ನದು ಆಟಿಕೆಯಂತೆ ಕಂಡು ಅವನೂ ಹೊಸದನ್ನು ತಂದ. ಹೀಗೆ ಹತ್ತು ಮನೆಗಳಲ್ಲೂ ಮೋಟಾರ್ ಬಂದು, ನೀರು ಬಿಡುವ ಹೊತ್ತಿಗೆ ಇಡೀ ಸಾಲೇ ಗುಡುಗುತ್ತಿತ್ತು, ಟ್ಯೂಬ್‌ಲೈಟುಗಳು ಮಂಕಾಗುತ್ತಿದ್ದವು. ಗೌಸನ ನಳದಲ್ಲಿ ಮಾತ್ರ ಬರೀ ಗಾಳಿ ಬುಸುಗುಡುತ್ತಿತ್ತು.

ನಳಕ್ಕೆ ಮೋಟಾರ್ ಹಚ್ಚುವುದು ನಿಯಮಕ್ಕೆ ವಿರುದ್ಧ. ಅದು ಎಲ್ಲರಿಗೂ ಗೊತ್ತಿದ್ದದ್ದರಿಂದ ಮೋಟಾರುಗಳು ಹಗಲೆಲ್ಲ ಮಂಚದಡಿ, ಅಕ್ಕಿಯ ಡ್ರಮ್ಮಿನಲ್ಲಿ ಅಡಗಿ ಕೂತಿರುತ್ತಿದ್ದವು. ಗೌಸ ಎಸಿ ರಿಪೇರಿ ಮಾಡುವವನು, ಮೋಟಾರ್ ಅವನಿಗೇನೂ ದೊಡ್ಡ ಮಾತಲ್ಲ. ಆದರೆ ಅವನು ಪುಕ್ಕಲ. ರಸ್ತೆಯಲ್ಲಿ ಖಾಕಿ ಅಂಗಿ ಕಂಡರೆ ತನ್ನದೇನಾದರೂ ತಪ್ಪಿದೆಯೋ ಎಂದು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುವ ಜಾತಿ.

ಅಂದಿನ ಕೆಲಸ ಘಾಟ್ಕೋಪರಿನ ಒಂದು ಕಾಲೇಜಿನಲ್ಲಿತ್ತು. ಸೆಮಿನಾರ್ ಹಾಲಿನ ಎಸಿ ಸೋರುತ್ತಿತ್ತು. ಅವನು ಏಣಿ ಹತ್ತಿ ಸ್ಕ್ರೂ ಬಿಚ್ಚುವಷ್ಟರಲ್ಲಿ ಹುಡುಗ ಹುಡುಗಿಯರು ಬಂದು ತುಂಬಿಕೊಂಡರು, ಹಿಂದೆಯೇ ಒಬ್ಬ ಮೇಡಂ ಬಂದರು. ಉಪನ್ಯಾಸ ಮುಗಿಯುವವರೆಗೆ ಸದ್ದು ಮಾಡಬಾರದು, ಇಳಿದರೆ ಏಣಿ ಕಿರುಗುಟ್ಟುತ್ತದೆ, ಅಲ್ಲೇ ಕೂತಿರು ಎಂದು ಪ್ಯೂನ್ ಕೈಸನ್ನೆ ಮಾಡಿದ. ಗೌಸ ಏಣಿಯ ತುದಿಯಲ್ಲಿ, ಸೋರುವ ಎಸಿಗೆ ಬಕೀಟು ಹಿಡಿದು ಕೂತ. ಇಲ್ಲಿ ಬೇಡವೆಂದರೂ ನೀರು ಬರುತ್ತದಲ್ಲ ಎಂದು ಅವನಿಗೆ ಹೊಟ್ಟೆಯುರಿಯಿತು.

ಆದರೆ ಸ್ವಲ್ಪ ಹೊತ್ತಿನಲ್ಲಿ ಅವನು ನೀರನ್ನು ಮರೆತ. ಮೇಡಂ ಹಿಂದಿಯಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ ಅಣುಬಾಂಬಿನ ಕತೆ ಹೇಳುತ್ತಿದ್ದರು. ಒಂದೇ ಬಾಂಬಿಗೆ ಒಂದು ಊರು ಹೋದದ್ದನ್ನು ಪರದೆಯ ಮೇಲೆ ತೋರಿಸಿದರು. ಅವನ ಹತ್ತಿರ ಇದೆಯೆಂದು ಇವನು, ಇವನ ಹತ್ತಿರ ಜಾಸ್ತಿ ಇದೆಯೆಂದು ಅವನು, ಹೀಗೆ ಮಾಡುತ್ತಾ ಮಾಡುತ್ತಾ ಒಂದು ಕಾಲಕ್ಕೆ ಲೋಕದಲ್ಲಿ ಸುಮಾರು ಎಪ್ಪತ್ತು ಸಾವಿರ ಬಾಂಬು ಕೂಡಿದ್ದವಂತೆ. ಅಷ್ಟಿದ್ದೂ ಯಾರಿಗೂ ನಿದ್ದೆ ಬರಲಿಲ್ಲವಂತೆ. ಕೊನೆಗೆ ಒಬ್ಬರ ಮುಖ ಒಬ್ಬರು ನೋಡದವರೇ ಒಂದು ಮೇಜಿನ ಎದುರು ಕೂತು, ನೀನು ಬಿಚ್ಚು ನಾನೂ ಬಿಚ್ಚುತ್ತೇನೆ ಎಂದು ಸಾವಿರಗಟ್ಟಲೆ ಬಿಚ್ಚಿ ಹಾಕಿದರಂತೆ.

ಒಬ್ಬ ಹುಡುಗಿ ಎದ್ದು, ಒಬ್ಬರನ್ನೊಬ್ಬರು ನಂಬದಿದ್ದರೆ ಒಪ್ಪಂದ ಹೇಗಾಗುತ್ತದೆ ಎಂದು ಕೇಳಿದಳು. ನಂಬಿಕೆ ಇದ್ದವರಿಗೆ ಒಪ್ಪಂದವೇ ಬೇಕಿಲ್ಲ, ಇಲ್ಲದವರಿಗೇ ಬೇಕು ಎಂದರು ಮೇಡಂ. ಅದಕ್ಕೇ ತಪಾಸಣೆಯವರು ಇರುತ್ತಾರೆ, ಅವರು ಮನೆಯೊಳಗೆ ಬಂದು ನೋಡುತ್ತಾರೆ, ಸಾಮಾನಿಗೆ ಸೀಲ್ ಹಾಕುತ್ತಾರೆ. ಪರದೆಯ ಮೇಲೆ ಆ ಸೀಲಿನ ಚಿತ್ರ ಬಂತು. ಸಣ್ಣದೊಂದು ತಂತಿ, ಅದರ ತುದಿಗೆ ಅಂಗಿ ಗುಂಡಿಯಷ್ಟು ದೊಡ್ಡ ಲೋಹದ ಬಿಲ್ಲೆ. ಲೋಕವನ್ನೇ ಸುಡುವ ಸಾಮಾನನ್ನು ಇಷ್ಟೇ ಇಷ್ಟು ತಂತಿ ಕಾಯುತ್ತದೆ ಎಂಬುದನ್ನು ನಂಬಲಾಗದೆ ಗೌಸ ಬಾಯಿ ತೆರೆದು ನೋಡುತ್ತಲೇ ಇದ್ದ. ಬಕೀಟು ತುಂಬಿ ಮುಂದಿನ ಸಾಲಿನ ಪ್ರೊಫೆಸರರ ಬೋಳುತಲೆಯ ಮೇಲೆ ನೀರು ಬಿತ್ತು. ಅವನು ಬೈಸಿಕೊಂಡ. ಬೈಗುಳ ಒಂದೂ ಕಿವಿಗೆ ಹೋಗಲಿಲ್ಲ.

ಸಂಜೆ ಸ್ಟೇಷನ್ ದಾರಿಯಲ್ಲಿ ಮೋಟಾರಿನ ಅಂಗಡಿ ಸಿಕ್ಕಿತು. ನೀಲಿ ಬಣ್ಣದ ಮೋಟಾರುಗಳು ಮೂತಿ ಮೇಲೆ ಮಾಡಿಕೊಂಡು ಸಾಲಾಗಿ ನಿಂತಿದ್ದವು. ತಾನೊಂದು ಒಯ್ದರೆ ನಾಳೆ ನಿಂಗಣ್ಣ ಇದಕ್ಕಿಂತ ದೊಡ್ಡದನ್ನು ತರುತ್ತಾನೆ ಎಂಬುದು ಗೌಸನಿಗೆ ಅಂಗೈ ರೇಖೆಯಷ್ಟು ಸ್ಪಷ್ಟವಾಯಿತು. ಅವನು ಖಾಲಿ ಕೈಯಲ್ಲಿ ಲೋಕಲ್ ಹತ್ತಿದ.

ಮನೆಯಲ್ಲಿ ಇಮಾಮಬಿ ಇರಲಿಲ್ಲ, ನಾಳೆಯ ಚಹಾಕ್ಕೆಂದು ಒಳ್ಳೆಯ ಕಪ್ಪು-ಬಸಿ ತರಲು ತಂಗಿಯ ಮನೆಗೆ ಹೋಗಿದ್ದಳು. ಅದೇ ಧೈರ್ಯದ ಮೇಲೆ ಗೌಸ ಸಾಲಿನವರನ್ನೆಲ್ಲ ಕಸ್ತೂರಿಬಾಯಿಯ ಖಾನಾವಳಿಯ ಮುಂದೆ ಸೇರಿಸಿದ. ಹುಟ್ಟಿದಾರಭ್ಯ ನಾಲ್ಕು ಜನರ ಮುಂದೆ ಬಾಯಿ ಬಿಡದವನು ಎಪ್ಪತ್ತು ಸಾವಿರ ಬಾಂಬಿನ ಕತೆ ಹೇಳಿದ. ಎಲ್ಲರೂ ಮೋಟಾರ್ ತೆಗೆದರೆ ಮೊದಲಿನಂತೆ ಎಲ್ಲರಿಗೂ ನೀರು ಬರುತ್ತದೆ, ಕರೆಂಟ್ ಉಳಿಯುತ್ತದೆ, ಕಸ್ತೂರಿಬಾಯಿಯ ಮೋಟಾರ್ ಹೋದ ವಾರ ಸುಟ್ಟಂತೆ ಇನ್ನೊಬ್ಬರದು ಸುಡುವುದಿಲ್ಲ ಎಂದ.

ನಿಂಗಣ್ಣ ತಂಬಾಕು ತಿಕ್ಕುತ್ತಾ ಕೇಳಿ, "ಬಾಂಬ್ ಬ್ಯಾಡ ಅಂತ ಬರೆದ ಆ ದೊಡ್ಡ ಕಾಗದಕ್ಕ ನಮ್ಮ ದೇಶನ ಸಹಿ ಮಾಡಿಲ್ಲಂತ. ಟಿವ್ಯಾಗ ನೋಡೇನಿ. ದೇಶ ಮಾಡದ್ದು ನಾ ಯಾಕ ಮಾಡ್ಲೋ?" ಎಂದ.

ಇದಕ್ಕೆ ಏನು ಹೇಳಬೇಕೆಂದು ಮೇಡಂ ಹೇಳಿಕೊಟ್ಟಿರಲಿಲ್ಲ. ಗೌಸ ತನ್ನಲ್ಲಿದ್ದ ಒಂದೇ ಮಾತನ್ನು ಹೇಳಿದ.

"ಅಣ್ಣಾ, ನಾಳೆ ಶಬ್ರೀನನ್ನ ನೋಡಾಕ ಬರ್ತಾರ. ಮನ್ಯಾಗ ಒಂದು ಹನಿ ನೀರಿಲ್ಲ."

ತಂಬಾಕು ತಿಕ್ಕುವುದು ನಿಂತಿತು. ಶಬ್ರೀನ ನಿಂಗಣ್ಣನ ಮೊಬೈಲ್ ಕೆಟ್ಟಾಗೆಲ್ಲ ಸರಿಮಾಡಿಕೊಡುವ ಹುಡುಗಿ, ಕಸ್ತೂರಿಬಾಯಿ ಕಾಯಿಲೆ ಬಿದ್ದಾಗ ಖಾನಾವಳಿಯ ರೊಟ್ಟಿ ಬೇಯಿಸಿದವಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹಾಗಾದರೆ ಎಲ್ಲರೂ ಒಂದೇ ಸಲ ತೆಗೆಯಬೇಕು ಎಂದ ದಾನಪ್ಪ. ತೆಗೆದದ್ದನ್ನು ಯಾರ ಮನೆಯಲ್ಲಿ ಇಡುವುದು ಎಂಬ ಪ್ರಶ್ನೆ ಬಂತು. ನಿಂಗಣ್ಣನ ಮನೆ ಕಸ್ತೂರಿಬಾಯಿಗೆ ಬೇಡ, ಅವಳ ಮನೆ ದಾನಪ್ಪನಿಗೆ ಬೇಡ. ಎಂದೂ ಮೋಟಾರ್ ಇಲ್ಲದ, ಯಾರ ಪಕ್ಷಕ್ಕೂ ಸೇರದ ಮನೆ ಒಂದೇ ಇತ್ತು. ಗುರುತಿಗೆ ಹೆಸರಿನ ಚೀಟಿ ಅಂಟಿಸುತ್ತೇನೆ ಎಂದು ಗೌಸ ಹೇಳಿದ್ದಕ್ಕೆ ಮಾತ್ರ ಹತ್ತೂ ಮನೆಯವರು ಒಂದೇ ದನಿಯಲ್ಲಿ ಬೇಡವೆಂದರು. ನಮ್ಮ ಮೋಟಾರ್ ನಮಗೆ ಗುರುತಿದೆ, ಹೆಸರು ಯಾಕೆ?

ತಪಾಸಣೆಗೆ ಶಬ್ರೀನ ಅಪ್ಪನ ಜೊತೆ ಹೋದಳು. ಕಸ್ತೂರಿಬಾಯಿ ಸುಟ್ಟುಹೋದ ಹಳೆಯ ಮೋಟಾರನ್ನು ಮುಂದಿಟ್ಟು ಇದೊಂದೇ ಇರುವುದು ಎಂದಳು. ಶಬ್ರೀನ ಹಿಟ್ಟಿನ ಡಬ್ಬಿಯಲ್ಲಿ ಕೈಹಾಕಿ ಹೊಸದನ್ನು ಎಳೆದಳು.

"ಕಾಕೂ, ಯೇ ಕ್ಯಾ ಹೈ?"

"ಅದಕ್ಕ ಥಂಡಿ ಆಗಬಾರ್ದಂತ ಇಟ್ಟಿದ್ದೆ," ಎಂದಳು ಕಸ್ತೂರಿಬಾಯಿ.

ಒಂದೊಂದೇ ಮನೆಯಿಂದ ಮೋಟಾರುಗಳು ಹೊರಬಂದವು. ಮದುವೆಯ ಹೆಣ್ಣನ್ನು ಕಳಿಸಿಕೊಡುವಂತೆ ಜನ ಅವನ್ನು ಎರಡೂ ಕೈಯಲ್ಲಿ ಎತ್ತಿ ತಂದು, ತಿರುಗಿ ತಿರುಗಿ ನೋಡುತ್ತಾ ಹೋದರು. ನಿಂಗಣ್ಣ ತನ್ನದನ್ನು ಒಮ್ಮೆ ಸವರಿ ಕೆಳಗಿಟ್ಟ. ಸುಟ್ಟದ್ದೂ ಸೇರಿ ಹನ್ನೊಂದು ಮೋಟಾರುಗಳು, ಹಸಿ ಪೈಪಿನ ತುಂಡುಗಳ ಸಮೇತ, ಅವನ ಮಂಚದ ಮೇಲೆ ಸಾಲಾಗಿ ಕೂತವು.

ಅಷ್ಟರಲ್ಲಿ ಇಮಾಮಬಿ ಕಪ್ಪು-ಬಸಿಗಳ ಗಂಟು ಹಿಡಿದು ಬಂದಳು. ಮಂಚ ನೋಡಿ ಅವಳ ಮುಖ ಬಿಳಿಚಿತು. ಗೌಸ ಅದನ್ನು ಬೆರಗೆಂದು ತಿಳಿದು ಇಡೀ ಒಪ್ಪಂದವನ್ನು ವಿವರಿಸತೊಡಗಿದ.

"ಇವನ್ನ ಈಗಿಂದೀಗ ಹೊರಗ ಹಾಕ್ರಿ," ಎಂದಳು ಅವಳು ಮೆಲ್ಲಗೆ. "ನಾ ಮಧ್ಯಾಹ್ನ…"

ಅವಳ ಮಾತು ಅಲ್ಲೇ ನಿಂತಿತು, ಯಾಕೆಂದರೆ ನೀರು ಬಂತು.

ಗುಡುಗು ಇರಲಿಲ್ಲ. ಟ್ಯೂಬ್‌ಲೈಟು ಮಂಕಾಗಲಿಲ್ಲ. ಮೊದಲು ನಳ ಕೆಮ್ಮಿತು, ಆಮೇಲೆ ಕೆಂಪು ನೀರು ಸ್ವಲ್ಪ, ಆಮೇಲೆ ಬೆರಳು ಗಾತ್ರದ ಬಿಳಿಯ ಧಾರೆ ಕೊಡದ ತಳಕ್ಕೆ ಬಿದ್ದು ಸದ್ದು ಮಾಡಿತು. ಎಷ್ಟೋ ವರ್ಷಗಳಿಂದ ಕೇಳದ ಸದ್ದು ಅದು. ಸಾಲಿನ ಎಲ್ಲ ಮನೆಯಿಂದಲೂ ಅದೇ ಸದ್ದು ಬರುತ್ತಿತ್ತು, ಹನ್ನೊಂದು ಕೊಡಗಳು ಒಟ್ಟಿಗೆ ತುಂಬುತ್ತಿದ್ದವು. ದಾನಪ್ಪ ಬಾಗಿಲಿಗೆ ಬಂದು ನಿಂತ. ಕಸ್ತೂರಿಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ನಳಕ್ಕೆ ಕೈಮುಗಿದಳು. ಇಮಾಮಬಿಯೂ ತಾನು ಹೇಳಬೇಕಾದದ್ದನ್ನು ಮರೆತು, ಧಾರೆಯ ಕೆಳಗೆ ಅಂಗೈ ಹಿಡಿದು ಕೂತಳು. ಏಣಿಯ ಮೇಲೆ ಕೂತು ಕೇಳಿದ್ದೆಲ್ಲ ನಿಜವಾಯಿತಲ್ಲ ಎಂದು ಗೌಸನ ಕಣ್ಣು ತುಂಬಿತು.

ಮೊದಲ ಕೊಡ ತುಂಬುವ ಮುಂಚೆ ಖಾಕಿ ಅಂಗಿಯವರು ಬಂದರು.

ವಾರ್ಡ್ ಆಫೀಸಿನ ನೀರಿನ ಸಾಹೇಬರು, ಜೊತೆಗೆ ನಟ್ಟು ತಿರುಗಿಸುವ ಪಾನಾ ಹಿಡಿದ ಇಬ್ಬರು. ಖಾಕಿ ಕಂಡದ್ದೇ ಗೌಸ ಹೆದರಿ ತನ್ನ ನಳ ನಿಲ್ಲಿಸಿದ. ಮೊದಲ ಮನೆಯಿಂದ ಶುರುಮಾಡಿ ಮಂಚದಡಿ, ಡ್ರಮ್ಮು, ಹಿಟ್ಟಿನ ಡಬ್ಬಿ ಎಲ್ಲ ನೋಡಿದರು. ಹತ್ತು ಮನೆಗಳೂ ಮಸೀದಿಯ ಅಂಗಳದಷ್ಟು ಚೊಕ್ಕಟವಾಗಿದ್ದವು. ಸಾಹೇಬರು ಅನುಮಾನದಿಂದಲೇ ಹನ್ನೊಂದನೆಯ ಮನೆಯೊಳಗೆ ಕಾಲಿಟ್ಟು, ಮಂಚ ನೋಡಿ, ಟೋಪಿ ತೆಗೆದರು. ಇಷ್ಟು ವರ್ಷದ ನೌಕರಿಯಲ್ಲಿ ಅವರು ಇಂಥದ್ದನ್ನು ಕಂಡಿರಲಿಲ್ಲ.

"ಹೇ ಸಗಳೆ ತುಝೆ?" ಎಲ್ಲ ನಿನ್ನವೇ ಎಂದು ಅವರು ಮರಾಠಿಯಲ್ಲಿ ಕೇಳಿದ್ದರಲ್ಲಿ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಿತ್ತು.

ಗೌಸ ಬಾಗಿಲ ಕಡೆ ನೋಡಿದ. ಸಾಲಿನವರೆಲ್ಲ ಅಲ್ಲೇ ನಿಂತಿದ್ದರು. ನಿಂಗಣ್ಣ ತಗಡಿನ ಮಾಡನ್ನು ಪರೀಕ್ಷಿಸುತ್ತಿದ್ದ. ಕಸ್ತೂರಿಬಾಯಿ ತನ್ನ ಹೊಸ ಮೋಟಾರನ್ನು ಯಾರದೋ ಮಗುವನ್ನು ನೋಡುವಂತೆ ನೋಡುತ್ತಿದ್ದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಇಮಾಮಬಿ ಅವನ ಮೊಣಕೈ ಚಿವುಟಿದಳು. ಅದೇಕೆಂದು ಸಾಹೇಬರ ಮುಂದಿನ ಮಾತು ಕೇಳಿದಾಗ ಅವನಿಗೆ ತಿಳಿಯಿತು.

ಸಾಹೇಬರು ಮೊಬೈಲ್ ತೆಗೆದು ಜೋರಾಗಿ ಓದಿದರು. ಮಧ್ಯಾಹ್ನ ಫೋನಿನಲ್ಲಿ ಒಬ್ಬ ಹೆಂಗಸಿನ ತಕ್ರಾರು ಬಂದಿತ್ತು. ಈ ಸಾಲಿನ ಹತ್ತು ಮನೆಗಳಲ್ಲೂ ಮೋಟಾರ್ ಇದೆ, ಕೊನೆಯ ಮನೆಯೊಂದರಲ್ಲಿ ಇಲ್ಲ, ಇವತ್ತೇ ಬಂದು ಹಿಡಿಯಿರಿ, ನಾಳೆ ಮನೆಗೆ ನೆಂಟರು ಬರುತ್ತಾರೆ. ಓದಿ ಮುಗಿಸಿ, ತಕ್ರಾರಿನವರು ಲೆಕ್ಕವನ್ನು ಉಲ್ಟಾ ಹೇಳಿದ್ದಾರೆ ಎಂದು ನಕ್ಕರು. ಬೇರೆ ಯಾರೂ ನಗಲಿಲ್ಲ. ಸಾಲಿನವರೆಲ್ಲ ಇಮಾಮಬಿಯನ್ನು ನೋಡಿದರು. ಇಮಾಮಬಿ ನೆಲ ನೋಡಿದಳು.

"ನೀವು ಮೋಟಾರ್ ತರಂಗಿಲ್ಲಂತ ನನಗ ಗೊತ್ತಿತ್ತು," ಎಂದಳು ಗಂಡನಿಗಷ್ಟೇ ಕೇಳುವಂತೆ. "ಅದಕ್ಕ ಫೋನ್ ಮಾಡಿದೆ."

ಮೋಟಾರುಗಳು ಗಾಡಿ ಹತ್ತಿದವು. ಒಂದು ಮೋಟಾರೂ ಇಲ್ಲದ ಸಾಲು ಇಡೀ ಆಂಟಾಪ್ ಹಿಲ್‌ನಲ್ಲಿ ಆಗ ಅದೊಂದೇ ಇದ್ದಿರಬೇಕು. ಪಾನಾದವರು ಗೌಸನ ನಳವನ್ನು ಬಂದ್ ಮಾಡಿ, ಸಣ್ಣದೊಂದು ತಂತಿ ಸುತ್ತಿ, ಅದರ ತುದಿಗೆ ಬಿಲ್ಲೆ ಒತ್ತಿ ಹೋದರು.

ಗೌಸ ನಳದ ಮುಂದೆ ಕುಕ್ಕರುಗಾಲಲ್ಲಿ ಕೂತ. ಬೆರಳಿನಿಂದ ಬಿಲ್ಲೆಯನ್ನು ಮುಟ್ಟಿದ. ಅಂಗಿ ಗುಂಡಿಯಷ್ಟೇ ಇತ್ತು.

"ಹಿಂಗ ಇತ್ತು ನೋಡು," ಎಂದ ಶಬ್ರೀನಳಿಗೆ. "ಥೇಟ್ ಹಿಂಗ. ಇದನ್ನ ಹರಿದ್ರ ಅವ್ರಿಗೆ ಗೊತ್ತಾಗ್ತದ."

 ಇಮಾಮಬಿ ಅರ್ಧ ತುಂಬಿದ್ದ ಕೊಡವನ್ನು ಅಡುಗೆಯ ಪಾತೇಲಿಗೆ ಬಗ್ಗಿಸಿ, ಖಾಲಿಯಾದದ್ದನ್ನು ಅವನ ಕೈಗೆ ಕೊಟ್ಟಳು. ಅದನ್ನು ಹಿಡಿದು ಏನು ಮಾಡಬೇಕೆಂಬುದು ಬೆಳಿಗ್ಗೆ ತಿಳಿದಿರಲಿಲ್ಲ, ಈಗ ತಿಳಿಯಿತು. ಅವನು ಮೊದಲನೆಯ ಮನೆಯ ಕಡೆ ನಡೆದ.

ಬಾಗಿಲು ಮುಂದೆ ಮಾಡಿತ್ತು. ಒಳಗೆ ನಿಂಗಣ್ಣ ಫೋನಿನಲ್ಲಿ ಮಾತಾಡುತ್ತಿದ್ದ.

"ಹೂಂ, ಮೊದಲಿನದಕ್ಕಿಂತ ದೊಡ್ಡದು. ಸದ್ದು ಮಾತ್ರ ಬರಬಾರ್ದು ನೋಡಪಾ. ಕೊನೀ ಮನಿಯವ್ರಿಗೆ ಗೊತ್ತಾದ್ರ ಫೋನ್ ಹಚ್ತಾರ."

ಗೌಸ ಕೊಡ ಹಿಡಿದು, ಆ ಮಾತು ಮುಗಿಯುವವರೆಗೆ ಹೊರಗೇ ನಿಂತಿದ್ದ.